ಸವಣೂರಿನಲ್ಲಿ ಸಿಕ್ಕ ಜಾವಾ

ಹಾನಗಲ್ಲಿನ ತಾರಕೇಶ್ವರನಿಗೆ ಕೈಮುಗಿದು, ಶಿಗ್ಗಾವಿ ದಾಟಿ ಸವಣೂರು ಮುಟ್ಟಿದಾಗ ಮಧ್ಯಾಹ್ನ. ಮೊಮ್ಮಗನಿಗೆ ದೊಡ್ಡಹುಣಸೆ ಮರ ತೋರಿಸುವುದು ನೆಪ. ಹಿರೇಕೆರೂರಿನಲ್ಲಿದ್ದಾಗ ವರ್ಗವಾಯಿತೆಂದು ನಾನು ಮಾರಿದ್ದ ಅಪ್ಪನ ಜಾವಾ ಇಲ್ಲಿನ ಗ್ಯಾರೇಜೊಂದರಲ್ಲಿದೆ ಎಂದು ಕೇಳಿದ್ದೆ.

ಮಕ್ಕಳೇ, ಜೆಕ್ ದೇಶದ ಯಾನೆಚೆಕ್, ಜರ್ಮನಿಯ ವಾಂಡರರ್ ಕಂಪನಿ, ಇವೆರಡರ ಹೆಸರಿನ ಮೊದಲ ತುಂಡು ಕೂಡಿ ‘ಜಾವಾ’ ಆಯಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರ ಕಣ್ಣು ತಪ್ಪಿಸಿ ಜೆಕ್ ಕೆಲಸಗಾರರು ಅದರ ಹೊಸ ಮಾದರಿಯನ್ನು ಗುಟ್ಟಾಗಿ ರೂಪಿಸಿದ್ದರು. 1961ರಿಂದ ನಮ್ಮ ಮೈಸೂರಿನಲ್ಲೂ ಜಾವಾ ತಯಾರಾಯಿತು.

“ಎಲ್ಲಾ ಒರಿಜಿನಲ್ ಐತ್ರೀ ಕಾಕಾ” ಎಂದ ಮೇಸ್ತ್ರಿ. ಬ್ಯಾಂಕಿನಲ್ಲಿ ಸಹಿ ತಾಳೆ ನೋಡಿದ ಕಣ್ಣು ಸುಮ್ಮನಿರುತ್ತದೆಯೇ? ಗೇರಿಗೂ ಕಿಕ್ಕಿಗೂ ಒಂದೇ ಲಿವರ್, ಸರಿ. ಎಂಜಿನ್ ಹೊದಿಕೆಯ ಮೇಲೆ ಮಾತ್ರ ‘ಯೆಜ್ಡಿ’ ಎಂದಿತ್ತು. ಆ ಹೆಸರು ಬಂದದ್ದು 1970ರ ದಶಕದಲ್ಲಿ. ಅಪ್ಪನ ಗಾಡಿ ಅದಕ್ಕಿಂತ ಹಳೆಯದು. ಎದೆ ಧಸಕ್ಕೆಂದಿತು. ಹ್ಯಾಂಡಲ್ ಕೆಳಗಿನ ಮಣ್ಣು ಒರೆಸಿ, ಚಾಸಿಸ್ ನಂಬರನ್ನು ಹಳೆಯ ವಿಮೆಯ ಕಾಗದದ ಜೊತೆ ತಾಳೆ ನೋಡಿದೆ. ಒಂದಂಕಿಯೂ ತಪ್ಪಲಿಲ್ಲ.

“ಅಜ್ಜಾ, ಹಂಗಾದ್ರ ಇದು ನಮ್ಮ ಗಾಡಿ ಹೌದೋ ಅಲ್ಲೋ?”

ಲಿವರ್ ಒಳಕ್ಕೊತ್ತಿ, ಹಿಂದಕ್ಕೆ ತಿರುಗಿಸಿ ಒದ್ದೆ. ಮೂರನೆಯ ಒದೆತಕ್ಕೆ ಗುಡುಗುಡು ಎಂದಿತು. ಸವಣೂರು ಖಾರದ ಪೊಟ್ಟಣ ಮೊಮ್ಮಗನ ಕೈಗಿತ್ತು ಮೇಸ್ತ್ರಿಗೆ ದರ ಕೇಳಿದೆ.