ಒಂದೇ ದಿನದ ಬೆಲೆ, ಎರಡು ಲೆಕ್ಕ

ಮುಂಬಯಿಯ ಷೇರುಪೇಟೆ ಬೆಳಿಗ್ಗೆ 9.15ಕ್ಕೆ ತೆರೆದು ಮಧ್ಯಾಹ್ನ 3.30ಕ್ಕೆ ಮುಚ್ಚುತ್ತದೆ. ಒಟ್ಟು 375 ನಿಮಿಷ. ಅಷ್ಟರಲ್ಲಿ ಒಂದು ದೊಡ್ಡ ಕಂಪನಿಯ ಷೇರು ಸಾವಿರಾರು ಸಲ ಕೈ ಬದಲಾಯಿಸುತ್ತದೆ. ಪ್ರತಿ ವ್ಯವಹಾರಕ್ಕೂ ಒಂದು ಬೆಲೆ, ಒಂದು ಸಂಖ್ಯೆ, ಒಂದು ಗಳಿಗೆ. ಅಷ್ಟನ್ನೂ ಕಣ್ಣಿನಲ್ಲಿ ಹಿಡಿಯುವುದು ಯಾರಿಂದಲೂ ಆಗದು. ಅದಕ್ಕೇ ಚಾರ್ಟ್ ಬೇಕಾಗುತ್ತದೆ. ಚಾರ್ಟ್ ಎಂದರೆ ಆ ರಾಶಿಯ ಸಾರಾಂಶ, ಮತ್ತು ಯಾವ ಸಾರಾಂಶವೂ ಏನನ್ನಾದರೂ ಬಿಡದೆ ಆಗುವುದಿಲ್ಲ. ಒಂದು ಬಗೆಯ ಚಾರ್ಟಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಮುಖ್ಯವಾಗಿ ಇದೇ: ಯಾವುದು ಏನನ್ನು ಬಿಡುತ್ತದೆ ಎನ್ನುವುದು.

ಮುಲುಂಡಿನ ಒಂದು ಮನೆಯಲ್ಲಿ ಈ ವ್ಯತ್ಯಾಸ ಜಗಳವಾಗಿಯೇ ಎದ್ದು ನಿಂತಿತು. ತಂದೆ ಕುಂದಾಪುರ ಕಡೆಯವರು. ಮಾಟುಂಗಾದ ಒಂದು ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ ಅಧಿಕಾರಿಯಾಗಿ ನಿವೃತ್ತರಾದವರು. ಹತ್ತು ಕಂಪನಿಗಳ ಷೇರಿನ ಅಂದಂದಿನ ಮುಕ್ತಾಯದ ಬೆಲೆಯನ್ನು ಮೂವತ್ತು ವರ್ಷಗಳಿಂದ ಗೆರೆ ಎಳೆದ ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದಾರೆ. ವರ್ಷಕ್ಕೊಮ್ಮೆ ಗ್ರಾಫ್ ಹಾಳೆಯ ಮೇಲೆ ಚುಕ್ಕಿಗಳನ್ನಿಟ್ಟು ಸೇರಿಸುತ್ತಾರೆ. ಮಗ ಪುಣೆಯ ಹಿಂಜೆವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಶನಿವಾರ ಭಾನುವಾರ ಮನೆಗೆ ಬರುತ್ತಾನೆ. ಫ್ಲ್ಯಾಟಿನ ಮುಂಗಡಕ್ಕೆಂದು ಕೂಡಿಟ್ಟ ಹಣದಲ್ಲಿ ನಾಲ್ಕು ಲಕ್ಷವನ್ನು ಅವನು ಟ್ರೇಡಿಂಗ್ ಖಾತೆಗೆ ಹಾಕಿದ್ದ.

ಒಂದು ಬುಧವಾರ ಅವನು ಒಂದು ಷೇರು ಕೊಂಡ. ಲೆಕ್ಕ ಸುಲಭವಾಗಲೆಂದು ಬೆಲೆಗಳನ್ನು ಪೂರ್ಣಸಂಖ್ಯೆಗೆ ತಿರುಗಿಸಿ ಹೇಳುವುದಾದರೆ, 100 ರೂಪಾಯಿಗೆ ಕೊಂಡು, 95ಕ್ಕೆ ಇಳಿದರೆ ತಾನಾಗಿ ಮಾರಾಟವಾಗುವಂತೆ ಸ್ಟಾಪ್‌ಲಾಸ್ ಹಾಕಿದ. ಬೆಳಿಗ್ಗೆಯೇ ಬೆಲೆ 92ಕ್ಕೆ ಬಿತ್ತು, 95ರಲ್ಲಿ ಅವನ ಷೇರು ಹೋಯಿತು. ಆಮೇಲೆ ಬೆಲೆ 110ರ ತನಕ ಏರಿ 104ರಲ್ಲಿ ನಿಂತಿತು. ರಾತ್ರಿ ಫೋನಿನಲ್ಲಿ ಮಾತು ಹೀಗೆ ನಡೆಯಿತು:

"ಅಪ್ಪಾ, ಇವತ್ತು ಅದು ತೊಂಬತ್ತೆರಡಕ್ಕೆ ಹೋಗಿತ್ತು."

"ಎಲ್ಲಿ ಹೋಯ್ತು ಮಾರಾಯ? ನಿನ್ನೆ ನೂರು, ಇವತ್ತು ನೂರನಾಲ್ಕು. ಲಾಭವೇ ಅಲ್ವಾ?"

ಇಬ್ಬರೂ ಹೇಳಿದ್ದು ಸರಿಯೇ. ತಂದೆಯ ಚಾರ್ಟ್ ಸಾಲುಗೆರೆಯದ್ದು, ಪೇಟೆಯವರು ಲೈನ್ ಚಾರ್ಟ್ ಎನ್ನುವುದು ಇದಕ್ಕೇ. ದಿನಕ್ಕೆ ಒಂದೇ ಚುಕ್ಕಿ, ಅದು ಮುಕ್ತಾಯದ ಬೆಲೆ. ನಡುವಿನ ಏರಿಳಿತ ಅದರಲ್ಲಿ ಬೀಳುವುದಿಲ್ಲ. ಹತ್ತು ವರ್ಷಗಳ ದಾರಿ ನೋಡಬೇಕೆನ್ನುವವರಿಗೆ ಇದಕ್ಕಿಂತ ನೆಮ್ಮದಿಯ ಚಿತ್ರ ಬೇರೆ ಇಲ್ಲ. ಹಾಗೆಂದು ಆ ಒಂದು ಚುಕ್ಕಿಯೂ ನೇರವಾದದ್ದಲ್ಲ. ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯಲ್ಲಿ ಮುಕ್ತಾಯದ ಬೆಲೆ ಎಂದರೆ ಕೊನೆಯ ವ್ಯವಹಾರದ ಬೆಲೆ ಅಲ್ಲ, ಕೊನೆಯ ಅರ್ಧ ಗಂಟೆಯ ವ್ಯವಹಾರಗಳ ತೂಕದ ಸರಾಸರಿ. ಪುಸ್ತಕದಲ್ಲಿ ತಂದೆ ಬರೆದ ಬೆಲೆಗೆ ಆ ದಿನ ಯಾರೂ ಒಂದು ಷೇರನ್ನೂ ಕೊಳ್ಳದೆ ಇದ್ದಿರಬಹುದು.

ಮಗ ನೋಡುವುದು ಕ್ಯಾಂಡಲ್ ಚಾರ್ಟ್. ಅದರಲ್ಲಿ ಒಂದೊಂದು ಅವಧಿಗೆ ನಾಲ್ಕು ಬೆಲೆಗಳಿರುತ್ತವೆ: ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ. ಆರಂಭಕ್ಕೂ ಮುಕ್ತಾಯಕ್ಕೂ ನಡುವಿನದು ದಪ್ಪ ಮೈ, ಮೇಲೆ ಕೆಳಗೆ ಚಾಚಿದ್ದು ಬತ್ತಿ. ಆ ಬುಧವಾರದ ಕ್ಯಾಂಡಲಿಗೆ 100ರಿಂದ 104ರವರೆಗೆ ಹಸಿರು ಮೈ, ಮೇಲೆ 110ರ ತನಕ ಒಂದು ಬತ್ತಿ, ಕೆಳಗೆ 92ರ ತನಕ ಇನ್ನೊಂದು. ಇದೇ ನಾಲ್ಕು ಬೆಲೆಗಳನ್ನು ಮೈಯಿಲ್ಲದೆ, ಒಂದು ನೆಟ್ಟನೆ ಗೆರೆಗೆ ಎಡಬಲದಲ್ಲಿ ಸಣ್ಣ ಕಡ್ಡಿ ಅಂಟಿಸಿ ತೋರಿಸಿದರೆ ಅದು ಬಾರ್ ಚಾರ್ಟ್. ಎಡಗಡ್ಡಿ ಆರಂಭ, ಬಲಗಡ್ಡಿ ಮುಕ್ತಾಯ. ಎರಡರ ವಿಷಯವೂ ಒಂದೇ. ಆದರೆ ಬಣ್ಣ ತುಂಬಿದ ಮೈ ಕಣ್ಣಿಗೆ ಬೇಗ ಮುಟ್ಟುತ್ತದೆ, ಮನಸ್ಸಿಗೂ ಬೇಗ ಮುಟ್ಟುತ್ತದೆ. ಕೆಂಪು ಕಂಡರೆ ಭಯ, ಹಸಿರು ಕಂಡರೆ ಆಸೆ. ಜಪಾನ್ ಮತ್ತು ಚೀನಾದ ಪೇಟೆಗಳಲ್ಲಿ ಏರಿಕೆಗೆ ಕೆಂಪು ಬಣ್ಣ ಎಂದು ತಿಳಿದರೆ ಆ ಭಯ ಎಷ್ಟರಮಟ್ಟಿಗೆ ಬರೀ ರೂಢಿ ಎನ್ನುವುದು ಗೊತ್ತಾಗುತ್ತದೆ.

ಕ್ಯಾಂಡಲ್ ಹುಟ್ಟಿದ್ದೂ ಜಪಾನಿನಲ್ಲೇ, ಅಕ್ಕಿಯ ವ್ಯಾಪಾರದಲ್ಲಿ. ಒಸಾಕಾದ ದೊಜಿಮಾದಲ್ಲಿದ್ದ ಅಕ್ಕಿಪೇಟೆಗೆ ಅಲ್ಲಿನ ಆಡಳಿತ 1730ರಲ್ಲಿ ಮಾನ್ಯತೆ ಕೊಟ್ಟಿತು. ಉಗ್ರಾಣದಲ್ಲಿದ್ದ ಅಕ್ಕಿಯ ಚೀಟಿಗಳಷ್ಟೇ ಅಲ್ಲದೆ ಮುಂದಿನ ದಿನಗಳ ಬೆಲೆಯ ಕರಾರುಗಳೂ ಅಲ್ಲಿ ಮಾರಾಟವಾಗುತ್ತಿದ್ದವು. ಸಕಾಟಾ ಊರಿನ ಅಕ್ಕಿ ವ್ಯಾಪಾರಿ ಹೊಮ್ಮಾ ಮುನೆಹಿಸಾನ ಹೆಸರು ಈ ಚಾರ್ಟಿಗೆ ಅಂಟಿಕೊಂಡಿದೆ. ಈಗ ನಾವು ನೋಡುವ ಆಕಾರ ಅವನ ಕಾಲದ ನಂತರ ಬಂದದ್ದು ಎನ್ನುವವರೂ ಇದ್ದಾರೆ. ಜಪಾನಿನ ಹೊರಗೆ ಅದನ್ನು ಬಳಕೆಗೆ ತಂದದ್ದು ಮುಖ್ಯವಾಗಿ ಅಮೆರಿಕದ ಸ್ಟೀವ್ ನಿಸನ್ 1991ರಲ್ಲಿ ಪ್ರಕಟಿಸಿದ ಪುಸ್ತಕ. ಹೀಗೆ ಅಕ್ಕಿಯ ದಾಸ್ತಾನಿನಿಂದ ಹೊರಟ ಗುರುತು ಈಗ ಲೋಕಲ್ ರೈಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ನಿಂತವರ ಕಣ್ಣೆದುರು ಮಿನುಗುತ್ತಿದೆ.

ಈ ಕ್ಯಾಂಡಲ್ ಬಿಡುವುದೇನು? ಕ್ರಮವನ್ನು. ಆ ಬುಧವಾರ ಬೆಲೆ ಮೊದಲು 92ಕ್ಕೆ ಬಿದ್ದು ಆಮೇಲೆ 110ಕ್ಕೆ ಏರಿತೋ, ಮೊದಲು ಏರಿ ಆಮೇಲೆ ಬಿತ್ತೋ, ದಿನದ ಕ್ಯಾಂಡಲ್ ನೋಡಿ ಹೇಳುವಂತಿಲ್ಲ. ಎರಡಕ್ಕೂ ಚಿತ್ರ ಒಂದೇ. ಆದರೆ ಮೊದಲು 110 ಬಂದಿದ್ದರೆ ಮಗ ಲಾಭದಲ್ಲಿ ಮಾರಿ ಹೊರಬರಲು ಅವಕಾಶ ಇರುತ್ತಿತ್ತು. ಐದು ನಿಮಿಷದ ಕ್ಯಾಂಡಲ್ ಹಾಕಿದರೆ ದಿನಕ್ಕೆ 75 ತುಂಡುಗಳಾಗಿ ಕ್ರಮ ಕಾಣುತ್ತದೆ. ಅದರ ಜೊತೆಗೆ ಗದ್ದಲವೂ ಬರುತ್ತದೆ. ಎಪ್ಪತ್ತೈದು ತುಂಡುಗಳಲ್ಲಿ ಎಪ್ಪತ್ತೈದು ಸಲ ಏನಾದರೂ ಮಾಡಬೇಕು ಅನ್ನಿಸುತ್ತದೆ. ತಂದೆಗೆ ದಿನಕ್ಕೆ ಒಂದೇ ಸಲ ಅನ್ನಿಸುವ ಅವಕಾಶ, ಅದೂ ಪೇಟೆ ಮುಚ್ಚಿದ ಮೇಲೆ.

ಆ ಗದ್ದಲ ತಾಳಲಾರದೆ ಮಗ ಬೇರೆ ಚಾರ್ಟುಗಳ ಕಡೆ ಹೊರಳಿದ. ಮೊದಲು ಸಿಕ್ಕಿದ್ದು ಹೈಕಿನ್ ಆಶಿ. ಜಪಾನಿ ಹೆಸರಿನಲ್ಲಿಯೇ ಸರಾಸರಿ ಎಂಬ ಅರ್ಥ ಇದೆ. ನೋಡಲು ಕ್ಯಾಂಡಲಿನಂತೆಯೇ ಇದ್ದರೂ ಅದರ ಮುಕ್ತಾಯ ಎಂದರೆ ನಾಲ್ಕೂ ಬೆಲೆಗಳ ಸರಾಸರಿ. ಆರಂಭ ಎಂದರೆ ಹಿಂದಿನ ಹೈಕಿನ್ ಆಶಿ ಕ್ಯಾಂಡಲಿನ ಆರಂಭ ಮತ್ತು ಮುಕ್ತಾಯದ ನಡುಬಿಂದು. ಹೀಗಾಗಿ ಹಸಿರು ಬಂದರೆ ಸಾಲಾಗಿ ಹಸಿರು, ಕೆಂಪು ಬಂದರೆ ಸಾಲಾಗಿ ಕೆಂಪು. ಮನಸ್ಸಿಗೆ ಸಮಾಧಾನ. ಆ ಬುಧವಾರದ ಲೆಕ್ಕವನ್ನೇ ಹಾಕಿದರೆ 100, 110, 92, 104 ಕೂಡಿಸಿ ನಾಲ್ಕರಿಂದ ಭಾಗಿಸಬೇಕು. ಉತ್ತರ 101.50. ಪೇಟೆ ನಿಂತದ್ದು 104ರಲ್ಲಿ. ಪರದೆಯ ಬೆಲೆ ನೋಡಿ ಆರ್ಡರ್ ಹಾಕುವವನು ಇಲ್ಲದ ಬೆಲೆಗೆ ಕೈ ಚಾಚುತ್ತಾನೆ. ಗಾಳಿ ಯಾವ ಕಡೆಗಿದೆ ಎಂದು ತಿಳಿಯಲು ಇದು ಒಳ್ಳೆಯದು, ಎಷ್ಟಕ್ಕೆ ಕೊಳ್ಳಬೇಕು ಎಂದು ತಿಳಿಯಲು ಅಲ್ಲ.

ಆಮೇಲೆ ಬಂದದ್ದು ರೆಂಕೊ. ಜಪಾನಿಯಲ್ಲಿ ಇಟ್ಟಿಗೆಗೆ ರೆಂಗ ಎನ್ನುತ್ತಾರೆ, ಹೆಸರು ಅದರಿಂದಲೇ ಬಂತೆನ್ನುತ್ತಾರೆ. ಇಲ್ಲಿ ಗಡಿಯಾರಕ್ಕೆ ಕೆಲಸ ಇಲ್ಲ. ಇಟ್ಟಿಗೆಯ ಗಾತ್ರ 10 ರೂಪಾಯಿ ಎಂದಿಟ್ಟುಕೊಂಡರೆ, 500ರಲ್ಲಿದ್ದ ಬೆಲೆ 510 ಮುಟ್ಟಿದಾಗ ಮಾತ್ರ ಒಂದು ಇಟ್ಟಿಗೆ ಏರುತ್ತದೆ. 515 ಆದರೂ 502 ಆದರೂ ಚಾರ್ಟ್ ಅಲುಗುವುದಿಲ್ಲ. ದಿಕ್ಕು ಬದಲಿಸಬೇಕಾದರೆ ಎರಡು ಇಟ್ಟಿಗೆಯಷ್ಟು ತಿರುಗಬೇಕು, ಅಂದರೆ 490ಕ್ಕೆ ಬಂದಾಗಲೇ ಕೆಂಪು ಇಟ್ಟಿಗೆ. ಇಟ್ಟಿಗೆ ಐದು ನಿಮಿಷಕ್ಕೆ ಏರಿದ್ದೋ ಐದು ವಾರಕ್ಕೆ ಏರಿದ್ದೋ, ಎರಡೂ ಅಕ್ಕಪಕ್ಕ ಒಂದೇ ಅಗಲದಲ್ಲಿ ಕೂರುತ್ತವೆ. ಅಮೆರಿಕದ ಹಳೆಯ ವ್ಯಾಪಾರಿಗಳು ಚೌಕಳಿ ಹಾಳೆಯ ಮೇಲೆ ಏರಿಕೆಗೆ ಎಕ್ಸ್, ಇಳಿಕೆಗೆ ಓ ಎಂದು ತುಂಬುತ್ತಿದ್ದ ಪಾಯಿಂಟ್ ಅಂಡ್ ಫಿಗರ್ ಚಾರ್ಟ್ ಕೂಡ ಇದೇ ಜಾತಿಯದು. ಕಾಲವನ್ನು ಬಿಟ್ಟು ಬೆಲೆಯ ನಡೆಯನ್ನಷ್ಟೇ ಹಿಡಿಯುವುದು ಅದರ ಕೆಲಸ.

ಮಗನಿಗೆ ದೊಡ್ಡ ಪೆಟ್ಟು ಬಿದ್ದದ್ದು ಇಲ್ಲೇ. ಅಷ್ಟರಲ್ಲಿ ಅವನು ಷೇರು ಬಿಟ್ಟು ನಿಫ್ಟಿಯ ಆಪ್ಷನ್ ಕೊಳ್ಳತೊಡಗಿದ್ದ. ಆಪ್ಷನ್ ಎನ್ನುವುದು ಇಂತಿಷ್ಟು ದಿನದೊಳಗೆ ಎಂಬ ಗಡುವಿರುವ ಹಕ್ಕು. ಅದಕ್ಕೆ ಕೊಡುವ ಬೆಲೆಯಲ್ಲಿ ಒಂದು ಪಾಲು ಉಳಿದಿರುವ ದಿನಗಳ ಬೆಲೆ. ನಿಫ್ಟಿ ಇದ್ದಲ್ಲೇ ಇದ್ದರೂ ಆ ಪಾಲು ದಿನದಿನಕ್ಕೆ ಕರಗುತ್ತದೆ, ಗಡುವು ಹತ್ತಿರವಾದಂತೆ ಇನ್ನೂ ಬೇಗ ಕರಗುತ್ತದೆ. ಒಂದು ವಾರ ಅವನು 120 ರೂಪಾಯಿಗೆ ಕೊಂಡ ಆಪ್ಷನ್ ಹಿಡಿದು ಕೂತ. ರೆಂಕೊ ಚಾರ್ಟಿನಲ್ಲಿ ನಾಲ್ಕು ದಿನ ಹೊಸ ಇಟ್ಟಿಗೆ ಬೀಳಲಿಲ್ಲ. ಏನೂ ಆಗಿಲ್ಲ, ಏರಿಕೆ ಇನ್ನೂ ಮುರಿದಿಲ್ಲ ಎಂದು ಅವನು ತಿಳಿದ. ಐದನೆಯ ದಿನ ನೋಡಿದರೆ ಆಪ್ಷನ್ ಬೆಲೆ 31 ರೂಪಾಯಿ. ಚಾರ್ಟ್ ಸುಳ್ಳು ಹೇಳಿರಲಿಲ್ಲ. ಕಾಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಮೊದಲೇ ಹೇಳಿದ ಚಾರ್ಟನ್ನು ನೋಡಿಕೊಂಡು, ಕಾಲದ ಮೇಲೆಯೇ ನಿಂತ ಸರಕನ್ನು ಅವನು ಕೊಂಡಿದ್ದ.

ತಂದೆಯ ಪುಸ್ತಕಕ್ಕೂ ಅದರದ್ದೇ ತೊಡಕುಗಳಿದ್ದವು. ಇನ್ಫೋಸಿಸ್‌ನ ಪುಟದಲ್ಲಿ 2018ರ ಸೆಪ್ಟೆಂಬರ್ ಮೊದಲ ವಾರ ಬೆಲೆ ಒಮ್ಮೆಲೇ ಅರ್ಧಕ್ಕೆ ಇಳಿದಿದೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಬೋನಸ್ 1:1' ಎಂದಿದೆ. ಒಂದು ಷೇರಿಗೆ ಇನ್ನೊಂದು ಉಚಿತವಾಗಿ ಬಂದದ್ದರಿಂದ ಬೆಲೆ ಅರ್ಧವಾಯಿತು, ಯಾರ ಹಣವೂ ಹೋಗಲಿಲ್ಲ. ಆದರೆ ಅವರ ಗ್ರಾಫ್ ಹಾಳೆಯಲ್ಲಿ ಅಲ್ಲೊಂದು ಪ್ರಪಾತ ಇದೆ. ಮಗನ ಫೋನಿನಲ್ಲಿ ಆ ಪ್ರಪಾತ ಇಲ್ಲ, ಏಕೆಂದರೆ ಅಲ್ಲಿ ಹಿಂದಿನ ಬೆಲೆಗಳನ್ನೆಲ್ಲ ಬೋನಸ್ಸಿಗೆ ಹೊಂದಿಸಿ ತಗ್ಗಿಸಲಾಗಿದೆ. ಹೀಗೆ ತಗ್ಗಿಸುತ್ತ ಹೋದರೆ 1993ರಲ್ಲಿ 95 ರೂಪಾಯಿಗೆ ಸಾರ್ವಜನಿಕರಿಗೆ ಕೊಟ್ಟ ಷೇರಿನ ಬೆಲೆ ಈಗಿನ ಚಾರ್ಟಿನ ಲೆಕ್ಕದಲ್ಲಿ ಒಂದು ರೂಪಾಯಿಗೂ ಕಡಿಮೆ. ಅಂದು ಯಾರೂ ಆ ಬೆಲೆಗೆ ಕೊಂಡಿರಲಿಲ್ಲ. ಕೊಟ್ಟ ಬೆಲೆ ತಂದೆಯ ಪುಸ್ತಕದಲ್ಲಿದೆ, ಹಣ ಬೆಳೆದ ಬಗೆ ಮಗನ ಫೋನಿನಲ್ಲಿದೆ.

ಇನ್ನೊಂದು ಮಾತು ಅಳತೆಗೋಲಿನದು. 2024ರ ಜೂನ್ 4ರಂದು, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ, ಸೆನ್ಸೆಕ್ಸ್ 4,389 ಅಂಕ ಬಿತ್ತು. ಇಷ್ಟು ದೊಡ್ಡ ಬೀಳು ತಮ್ಮ ಆಯುಷ್ಯದಲ್ಲೇ ನೋಡಿಲ್ಲ ಎಂದರು ತಂದೆ. ಮಗ ಚಾರ್ಟಿನ ಮೂಲೆಯಲ್ಲಿದ್ದ ಲಾಗ್ ಎಂಬ ಗುಂಡಿ ಒತ್ತಿ ತೋರಿಸಿದ. ಸಾಮಾನ್ಯ ಅಳತೆಯಲ್ಲಿ ಒಂದೊಂದು ಅಂಕಕ್ಕೂ ಒಂದೇ ಎತ್ತರ. ಲಾಗ್ ಅಳತೆಯಲ್ಲಿ ಒಂದೊಂದು ಶೇಕಡಾವಾರಿಗೆ ಒಂದೇ ಎತ್ತರ. 100 ಇದ್ದದ್ದು 200 ಆದರೂ, 40,000 ಇದ್ದದ್ದು 80,000 ಆದರೂ ಗೆರೆ ಅಷ್ಟೇ ಏರುತ್ತದೆ. ಹಾಗೆ ನೋಡಿದಾಗ 2024ರ ಆ ಬೀಳು ಶೇ. 5.7ರಷ್ಟು ಮಾತ್ರ. ಕೋವಿಡ್ ಕಾಲದ 2020ರ ಮಾರ್ಚ್ 23ರಂದು 3,934 ಅಂಕ ಹೋದದ್ದು ಶೇ. 13. ಹರ್ಷದ್ ಮೆಹತಾ ಹಗರಣದ ಕಾಲಕ್ಕೆ, 1992ರ ಏಪ್ರಿಲ್ 28ರಂದು ಹೋದದ್ದು 570 ಅಂಕ, ಆದರೆ ಹೆಚ್ಚುಕಡಿಮೆ ಶೇ. 12.7. ಸಾಮಾನ್ಯ ಅಳತೆಯ ಚಾರ್ಟಿನಲ್ಲಿ 1992ರ ಆ ದಿನ ಒಂದು ಗೀರಾಗಿಯೂ ಕಾಣುವುದಿಲ್ಲ. ಬ್ಯಾಂಕಿನಲ್ಲಿದ್ದವರಿಗೆ ಆ ಏಪ್ರಿಲ್ ಮರೆಯುವಂಥದಲ್ಲ. ತಂದೆ ಪರದೆಯನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಹೌದು, ಇದು ಸರಿಯಾಗಿ ತೋರಿಸ್ತದೆ," ಎಂದರು.

ಇಷ್ಟೆಲ್ಲ ಚಾರ್ಟ್ ಕಲಿತರೆ ಹಣ ಬರುತ್ತದೆಯೇ? ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನದ ಪ್ರಕಾರ, 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ ಶೇ. 93ರಷ್ಟು ಮಂದಿ ಹಣ ಕಳೆದುಕೊಂಡರು. ಅವರೆಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅವರಲ್ಲಿ ಬಹಳ ಮಂದಿಯ ಫೋನಿನಲ್ಲೂ ಇವೇ ಕ್ಯಾಂಡಲುಗಳು, ಇವೇ ಇಟ್ಟಿಗೆಗಳು ಇದ್ದಿರಬೇಕು. ಚಾರ್ಟ್ ಯಾವುದಾದರೂ ಆಗಲಿ, ಅದರ ಬಲತುದಿಯ ಆಚೆಗೆ ಬರೀ ಖಾಲಿ ಜಾಗ. ಹಿಂದೆ ನಡೆದದ್ದನ್ನು ಎಷ್ಟು ಅಂದವಾಗಿ ಜೋಡಿಸಿದರೂ ಆ ಖಾಲಿ ಜಾಗ ತುಂಬುವುದಿಲ್ಲ.

ಒಂದು ಭಾನುವಾರ ತಂದೆ ಹೊಸ ಗ್ರಾಫ್ ಹಾಳೆ ತಂದು ಮಗನ ಮುಂದಿಟ್ಟರು. ಬೈಯಲಿಲ್ಲ. ತಿಂಗಳ ಕೊನೆಗೆ ಖಾತೆಯಲ್ಲಿ ಉಳಿದದ್ದೆಷ್ಟು ಎಂದು ಕೇಳಿ ಕೇಳಿ ಅವರೇ ಚುಕ್ಕಿ ಇಟ್ಟರು. ದಲ್ಲಾಳಿ ಶುಲ್ಕ, ತೆರಿಗೆ ಎಲ್ಲ ಕಳೆದು ಉಳಿದದ್ದು. ಹದಿನಾಲ್ಕು ತಿಂಗಳು, ಹದಿನಾಲ್ಕು ಚುಕ್ಕಿ. ನಾಲ್ಕು ಲಕ್ಷದಿಂದ ಹೊರಟ ಗೆರೆ ಎರಡು ಲಕ್ಷ ಅರವತ್ನಾಲ್ಕು ಸಾವಿರದಲ್ಲಿ ನಿಂತಿತು. ಮಗ ಅಷ್ಟು ಬಗೆಯ ಚಾರ್ಟ್ ನೋಡಿದ್ದವನು ಈ ಒಂದನ್ನು ನೋಡಿರಲಿಲ್ಲ. ಹೋದದ್ದು ಶೇ. 34. ಅದನ್ನು ಮತ್ತೆ ನಾಲ್ಕು ಲಕ್ಷ ಮಾಡಬೇಕಾದರೆ ಉಳಿದ ಹಣ ಶೇ. 51ಕ್ಕೂ ಹೆಚ್ಚು ಬೆಳೆಯಬೇಕು. ಈ ಲೆಕ್ಕವನ್ನು ಹಾಳೆಯ ಅಂಚಿನಲ್ಲಿ ಹಾಕಿದ್ದು ಮಗನೇ.

ಅವನು ಪೇಟೆ ಬಿಟ್ಟಿಲ್ಲ. ಆಪ್ಷನ್ ಬಿಟ್ಟಿದ್ದಾನೆ, ಐದು ನಿಮಿಷದ ಕ್ಯಾಂಡಲ್ ಬಿಟ್ಟಿದ್ದಾನೆ. ಫ್ಲ್ಯಾಟಿನ ಮುಂಗಡ ಎರಡು ವರ್ಷ ಮುಂದೆ ಹೋಯಿತು. ತಂದೆ ಈಗ ಇನ್ಫೋಸಿಸ್‌ನ ಪುಟದಲ್ಲಿ ಎರಡು ಕಾಲಂ ಬರೆಯುತ್ತಾರೆ: ಒಂದರಲ್ಲಿ ಅಂದಿನ ಬೆಲೆ, ಇನ್ನೊಂದರಲ್ಲಿ ಬೋನಸ್ಸಿಗೆ ಹೊಂದಿಸಿದ ಬೆಲೆ. ಎರಡನೆಯ ಕಾಲಮ್ಮಿನ ಲೆಕ್ಕಕ್ಕೆ ಶನಿವಾರ ಮಗ ಬರುವುದನ್ನು ಕಾಯುತ್ತಾರೆ.