ನೀರಗಂಟಿ

ಕೆರೆಯ ತೂಬು ಎತ್ತಿ ಕಾಲುವೆಗೆ ನೀರು ಬಿಟ್ಟು, ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಿ ಹಂಚುತ್ತಿದ್ದವನು ನೀರಗಂಟಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ಕೆರೆಯೂರುಗಳಲ್ಲಿ ತಳವಾರ, ತೋಟಿಯರ ಹಾಗೆ ಅವನೂ ಆಯಗಾರ. ತಿಂಗಳ ಸಂಬಳವೆಂಬುದಿಲ್ಲ, ಸುಗ್ಗಿಯಲ್ಲಿ ಕಣದ ರಾಶಿಯಿಂದ ಅಳೆದುಕೊಟ್ಟ ಆಯದ ಕಾಳೇ ಮನೆಯ ಅನ್ನ. ಕೆಲವೆಡೆ ಜೊತೆಗೊಂದು ತುಂಡು ಇನಾಮು ಜಮೀನು.

ಹಳೆಯ ತೂಬೆಂದರೆ ಏರಿಯ ಒಳಮಗ್ಗುಲಲ್ಲಿ, ನೀರಿನ ನಡುವೆ ನಿಂತ ಎರಡು ಕಲ್ಲುಕಂಬ. ಅವಕ್ಕೆ ಹೊಂದಿಸಿದ, ತೂತು ಕೊರೆದ ಅಡ್ಡಗಲ್ಲು. ತೂತಿನಲ್ಲಿ ಇಳಿಬಿಟ್ಟ ಉದ್ದನೆಯ ಗಳು, ಅದರ ತುದಿಗೆ ಬಿರಡೆ. ಕೆರೆ ತುಂಬಿದಾಗ ನೀರಗಂಟಿ ಈಜಿಕೊಂಡೇ ಹೋಗಿ, ಪಾಚಿಗಟ್ಟಿದ ಕಂಬಕ್ಕೆ ಕಾಲು ಕೊಟ್ಟು, ಗಳುವನ್ನು ಎರಡೂ ಕೈಯಲ್ಲಿ ಎತ್ತಬೇಕು. ಎಷ್ಟು ಬೆರಳು ಎತ್ತಿದರೆ ಕಾಲುವೆಯಲ್ಲಿ ಎಷ್ಟು ನೀರು ಎಂಬ ಲೆಕ್ಕ ಅವನ ಕೈಯಲ್ಲೇ ಇತ್ತು. ಕಸ ಸಿಕ್ಕಿ ಬಿರಡೆ ಕೂರದಿದ್ದರೆ ಉಸಿರು ಕಟ್ಟಿ ತಳಕ್ಕೆ ಮುಳುಗಬೇಕು. ಜೀವ ಒತ್ತೆಯಿಟ್ಟು ಮಾಡುವ ಕೆಲಸ ಅದು.

ಅದಕ್ಕಿಂತ ಕಷ್ಟದ್ದು ಹಂಚಿಕೆ. ತೂಬಿನ ಬಳಿಯ ಗದ್ದೆಯವನಿಗೆ ನೀರು ಸುಲಭ, ಅಚ್ಚುಕಟ್ಟಿನ ಕೊನೆಯವನಿಗೆ ದುರ್ಲಭ. ಮಳೆ ಕೈಕೊಟ್ಟ ವರ್ಷ ಭತ್ತವೋ ರಾಗಿಯೋ ಎಂದು ಊರು ಕೂತು ತೀರ್ಮಾನಿಸುತ್ತಿತ್ತು. ಆ ತೀರ್ಮಾನವನ್ನು ಬದುವಿನ ಮೇಲೆ ನಡೆಸುವವನು ಅವನು. ಗುದ್ದಲಿಯಿಂದ ಒಂದು ಮಡೆ ಕಟ್ಟಿ ಇನ್ನೊಂದನ್ನು ಕಡಿಯುವಾಗ ಗೌಡನ ಗದ್ದೆಯಾದರೂ ಅಷ್ಟೇ, ಬಡವನದಾದರೂ ಅಷ್ಟೇ. ಅಚ್ಚುಕಟ್ಟಿನಲ್ಲಿ ಅವನಿಗೆ ಹೆಚ್ಚು ನೆಲವಿಲ್ಲದ್ದರಿಂದಲೇ ಅವನ ಮಾತಿಗೆ ಬೆಲೆಯಿತ್ತು. ಬಹಳ ಊರುಗಳಲ್ಲಿ ಅವನು ದಲಿತ. ಇಡೀ ಊರಿನ ಬೆಳೆಗೆ ನೀರು ಕೊಟ್ಟವನಿಗೆ ಊರಿನ ಬಾವಿಯಲ್ಲಿ ಒಂದು ಕೊಡ ಸೇದುವ ಹಕ್ಕು ಇರಲಿಲ್ಲ. ಈ ಅನ್ಯಾಯವನ್ನು ಬಿಟ್ಟು ಅವನ ಸೇವೆಯನ್ನು ಹೊಗಳುವುದು ಅರ್ಧ ಸತ್ಯ.

ಕೆಲಸ ಒಬ್ಬನದಾದರೂ ಹೊರೆ ಮನೆಯದು. ಅಣ್ಣತಮ್ಮಂದಿರು ಸರದಿಯ ಮೇಲೆ ಮಾಡುತ್ತಿದ್ದರು. ಮಕ್ಕಳು ಅಪ್ಪನ ಹಿಂದೆ ಕಾಲುವೆಯುದ್ದಕ್ಕೂ ನಡೆದೇ ಕಲಿಯುತ್ತಿದ್ದರು. ಜಡಿಮಳೆಯ ರಾತ್ರಿ ಕಂಬಳಿ ಕೊಪ್ಪೆ ಹಾಕಿ ಏರಿಯ ಮೇಲೆ ನಿಂತವನು ಏಡಿಯ ಬಿಲದಿಂದ ನೀರು ಜಿನುಗುತ್ತಿದೆಯೇ, ಕೋಡಿ ಸರಾಗ ಹರಿಯುತ್ತಿದೆಯೇ ಎಂದು ನೋಡುತ್ತಿದ್ದರೆ, ಮನೆಯಲ್ಲಿ ಹೆಂಡತಿ ಒಲೆಯ ಕೆಂಡ ಆರಗೊಡದೆ ಕಾಯುತ್ತಿದ್ದಳು. ಏರಿ ಒಡೆದರೆ ಮುಳುಗುವುದು ಅವರ ಗುಡಿಸಲೂ ಹೌದು.

1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದು ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ಕೊನೆಗೊಂಡವು. ಹುಟ್ಟಿನಿಂದ ಬರುವ ಹುದ್ದೆ ಹೋದದ್ದು ಸರಿಯೇ; ಆದರೆ ತೂಬಿನ ಹೊಣೆ ಹೊರುವವರು ಬಹಳ ಕಡೆ ಇಲ್ಲವಾದರು. ದೊಡ್ಡ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನವು ಪಂಚಾಯಿತಿಗಳ ಪಾಲಿಗೆ ಬಂದವು. ಕೊಳವೆಬಾವಿ ಬಂದ ಮೇಲೆ ರೈತನ ಕಣ್ಣು ಕೆರೆಯಿಂದ ಮೋಟಾರಿನ ಕಡೆ ತಿರುಗಿತು.

ಹೆಸರು ಮಾತ್ರ ಉಳಿದಿದೆ. ಪಂಚಾಯಿತಿಯ ಓವರ್‌ಹೆಡ್ ಟ್ಯಾಂಕಿನ ವಾಲ್ವ್ ತಿರುಗಿಸಿ ಬೀದಿ ಬೀದಿಗೆ ಕುಡಿಯುವ ನೀರು ಬಿಡುವವನನ್ನು ಜನ ಈಗಲೂ ನೀರಗಂಟಿ ಎಂದೇ ಕರೆಯುತ್ತಾರೆ. ಕೊನೆಯ ಮನೆಯ ನಲ್ಲಿಗೆ ನೀರು ಬರದಿದ್ದರೆ ಮೊದಲು ಕೂಗುವುದೂ ಅವನನ್ನೇ.