ಮಂಗಳೂರಿನ ಮಳೆಯೂ ಮಾವನವರ ಕಾರೂ

ಚಿಕ್ಕಮಗಳೂರಿನಿಂದ ಚಾರ್ಮಾಡಿ ಘಟ್ಟವನ್ನಿಳಿದು ಉಜಿರೆ, ಬೆಳ್ತಂಗಡಿಗಳನ್ನು ದಾಟಿ ಮಂಗಳೂರನ್ನು ಸೇರುವವರಿಗೆ ಮೊದಲು ಅನುಭವಕ್ಕೆ ಬರುವುದು ಅಲ್ಲಿಯ ಗಾಳಿಯ ತೇವ. ನೇತ್ರಾವತಿ, ಗುರುಪುರ ನದಿಗಳ ನಡುವೆ ಕಡಲಿಗೆ ಮುಖಮಾಡಿ ನಿಂತ ಈ ನಗರದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಆರಂಭಿಸಿದ ಕಾರ್ಖಾನೆಯ ಕೆಂಪು ಹೆಂಚು ಮಳೆಯನ್ನು ತಡೆಯಬಲ್ಲದು. ಆದರೆ ತೇವವನ್ನು ತಡೆಯುವ ಹೆಂಚು ಎಲ್ಲಿಯೂ ಇಲ್ಲ.

ಕದ್ರಿಯ ಬಳಿ ನಮ್ಮ ಮಾವನವರ ಮನೆ. ಅವರು ತೀರಿಕೊಂಡ ಮೇಲೆ ಅವರ ಅಂಬಾಸಿಡರ್ ಕಾರು ಆರು ಮಳೆಗಾಲಗಳನ್ನು ಹೆಂಚಿನ ಕೊಟ್ಟಿಗೆಯಲ್ಲಿಯೇ ಕಳೆದಿತ್ತು. 2014ರಲ್ಲಿ ಉತ್ತರಪಾಡಾದ ಕಾರ್ಖಾನೆ ನಿಂತ ಮೇಲೆ ಅಂತಹ ಹೊಸ ಕಾರು ಬರುವುದೂ ನಿಂತಿದೆ. ಗುಜರಿಯವನು ಎರಡು ಬಾರಿ ಬಂದು ಬೆಲೆ ಹೇಳಿ ಹೋಗಿದ್ದನು. ಅತ್ತೆಯವರು ಮಾತ್ರ, “ಒಂದು ಸಲ ಅದರಲ್ಲಿ ಕುಳಿತು ಪಣಂಬೂರಿನ ಕಡಲು ನೋಡಿ ಬರುತ್ತೇನೆ, ಆಮೇಲೆ ನೀವು ಹೇಳಿದಂತಾಗಲಿ” ಎಂದರು. ನಾವು ಹೊರಟದ್ದು ಆ ಒಂದು ಮಾತಿಗಾಗಿ.

ನೆರೆಯ ಗ್ಯಾರೇಜಿನ ವಯೋವೃದ್ಧ ಮೆಕ್ಯಾನಿಕರು ಹೊಸ ಪೆಟ್ರೋಲು, ಆಯಿಲು, ಬ್ಯಾಟರಿ ಹಾಕಿ, ಟೈರು ಬದಲಿಸಿ, ಬ್ರೇಕುಗಳನ್ನು ಸರಿಪಡಿಸಿದರು. ಎಂಜಿನ್ ಮಾತನಾಡಿತು. ಆದರೆ ಪೆಡಲನ್ನು ಎಷ್ಟು ತುಳಿದರೂ ಗೇರು ಕರಕರನೆ ಕೂಗಿತೇ ಹೊರತು ಬೀಳಲಿಲ್ಲ. ಎಂಜಿನ್ ನಿಲ್ಲಿಸಿದರೆ ಅದೇ ಗೇರು ಸಲೀಸಾಗಿ ಬೀಳುತ್ತಿತ್ತು. “ಕ್ಲಚ್ ಹಿಡಿದಿದೆ ಮಾರಾಯ್ರೆ” ಎಂದರು ಅವರು.

ಕ್ಲಚ್ ಪ್ಲೇಟು ಎಂಜಿನ್ನಿನ ಫ್ಲೈವೀಲಿಗೂ ಒತ್ತುವ ತಟ್ಟೆಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಪೆಡಲು ತುಳಿದಾಗ ಒತ್ತಡ ಸಡಿಲವಾಗಿ ಪ್ಲೇಟು ಬಿಡಬೇಕು. ಕಾರು ವರ್ಷಗಟ್ಟಲೆ ನಿಂತಾಗ ತೇವದಿಂದ ಎರಕದ ಕಬ್ಬಿಣದ ಮೇಲೆ ತುಕ್ಕು ಹಿಡಿದು, ಪ್ಲೇಟಿನ ಲೈನಿಂಗು ಅದಕ್ಕೆ ಅಂಟಿಕೊಳ್ಳುತ್ತದೆ. ಒತ್ತಡ ಹೋದರೂ ಅಂಟು ಹೋಗುವುದಿಲ್ಲ. ಅಲ್ಲಿಗೆ ಎಣ್ಣೆ ಬಿಡೋಣವೇ ಎಂದು ನಾನು ಕೇಳಿದೆ. “ಎಣ್ಣೆ ಬಿಟ್ಟರೆ ಆಮೇಲೆ ಹಿಡಿಯಬೇಕಾದಾಗಲೂ ಹಿಡಿಯುವುದಿಲ್ಲ” ಎಂದು ನಕ್ಕರು.

ಪೆಡಲಿನಿಂದ ಕ್ಲಚ್ಚಿನವರೆಗಿನ ಜೋಡಣೆಗಳು ಚಲಿಸುತ್ತಿರುವುದನ್ನು ಅವರು ಮೊದಲು ಖಚಿತಪಡಿಸಿಕೊಂಡರು. ಕೊಟ್ಟಿಗೆಯ ಹೊಗೆ ಪ್ರಾಣಾಪಾಯವೆಂದು ಕಾರನ್ನು ಅಂಗಳಕ್ಕೆ ತಳ್ಳಿಸಿ, ಅರ್ಧ ಗಂಟೆ ಎಂಜಿನ್ ಓಡಿಸಿ ಬಿಸಿ ಮಾಡಿದರು. ಬಳಿಕ ಅದನ್ನು ನಿಲ್ಲಿಸಿ, ಪೆಡಲನ್ನು ಪೂರ್ತಿ ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಮರದ ತುಂಡೊಂದನ್ನು ಊರಿ ರಾತ್ರಿಯೆಲ್ಲ ಬಿಟ್ಟರು. ಬೆಳಗಾದರೂ ಬಿಡಲಿಲ್ಲ. ನಾನು ನಿರಾಶನಾದೆ. ಅತ್ತೆಯವರು ಏನೂ ಹೇಳದೆ ಎಲ್ಲರಿಗೂ ಕಾಫಿ ತಂದಿಟ್ಟರು.

ಮತ್ತೊಮ್ಮೆ ಬಿಸಿ ಮಾಡಿದ ಮೇಲೆ, ಮುಂದಿನ ಗಾಲಿಗಳಿಗೆ ಅಡ್ಡ ಕೊಟ್ಟು, ಹಿಂದಿನ ಭಾಗವನ್ನು ಎತ್ತಿ ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದರು. ಬರಿಯ ಜಾಕನ್ನು ನಂಬಬಾರದೆಂದರು. ನಮ್ಮನ್ನೆಲ್ಲ ದೂರ ಸರಿಸಿ, ಮೂರನೆಯ ಗೇರಿನಲ್ಲಿಟ್ಟು ಎಂಜಿನ್ ಹೊರಡಿಸಿದರು. ಹಿಂದಿನ ಗಾಲಿಗಳು ಗಾಳಿಯಲ್ಲಿ ತಿರುಗಿದವು. ಕ್ಲಚ್ ತುಳಿದುಕೊಂಡೇ ಬ್ರೇಕನ್ನು ಒಮ್ಮೆಲೆ ಒತ್ತಿದರು. ಎರಡು ಬಾರಿ ಎಂಜಿನ್ ನಿಂತುಹೋಯಿತು. ಮೂರನೆಯ ಬಾರಿ ಟಪ್ಪೆಂದು ಸದ್ದಾಯಿತು. ಗಾಲಿಗಳು ನಿಂತವು, ಎಂಜಿನ್ ಓಡುತ್ತಲೇ ಇತ್ತು! ಬಿಡದಿದ್ದರೆ ಗೇರ್‌ಬಾಕ್ಸನ್ನೇ ಇಳಿಸಬೇಕಾಗುತ್ತಿತ್ತು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದುಂಟು. ಆದುದರಿಂದ ಬಿಚ್ಚಿದರೂ ಧೂಳನ್ನು ಊದಬಾರದೆಂದು ಎಚ್ಚರಿಸಿದರು.

ಆ ಸಂಜೆ ಪಣಂಬೂರಿನಲ್ಲಿ ಅತ್ತೆಯವರು ಕಾರಿನಿಂದಿಳಿಯಲಿಲ್ಲ. ಕಿಟಕಿಯಿಂದಲೇ ಕಡಲನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದರು. ಹಿಂದಿರುಗುವಾಗ, “ಗುಜರಿಯವನಿಗೆ ಬರಬೇಡವೆಂದು ಹೇಳಿಬಿಡು” ಎಂದರು.

ಈಗ ವಾರಕ್ಕೊಮ್ಮೆ ಯಾರಾದರೂ ಕಾರನ್ನು ಸ್ವಲ್ಪ ದೂರ ಓಡಿಸುತ್ತಾರೆ. ಜಡಿಮಳೆಯ ದಿನಗಳಲ್ಲಿ ಹೊರಡಲಾಗದಿದ್ದರೆ ಅತ್ತೆಯವರೇ ಕೊಟ್ಟಿಗೆಗೆ ಹೋಗಿ ಪೆಡಲನ್ನು ಹತ್ತಾರು ಬಾರಿ ತುಳಿದು ಬರುತ್ತಾರಂತೆ. ಹಳೆಯ ವಾಹನವನ್ನು ಉಳಿಸಿಕೊಂಡಿರುವ ಮನೆಗಳವರು ಇಷ್ಟನ್ನು ನೆನಪಿಟ್ಟರೆ ಸಾಕು: ಓಡಿ ಸವೆದ ಯಂತ್ರಕ್ಕಿಂತ ನಿಂತು ಕೆಟ್ಟ ಯಂತ್ರವೇ ಹೆಚ್ಚು.